ಹೆಣ್ಣುರೂಪದಿಂದ ಹೊರಡಿ: ಫ್ರೆಂಚ್ ಗುಣವಾಚಕಗಳನ್ನು ಕಲಿಯುವ ದಾರಿ

‘ಒಂದು ಸಣ್ಣ ದುಂಡು ಮೇಜು.’ ಫ್ರೆಂಚಿನಲ್ಲಿ ಇದು ‘ಯೂನ್ ಪೆತಿತ್ ತಾಬ್ಲ್ ರೋಂದ್’. ಇಲ್ಲೂ ನಾಲ್ಕು ಪದ, ಅಲ್ಲೂ ನಾಲ್ಕು. ಈಗ ಮೇಜನ್ನು ತೆಗೆದು ಅದೇ ಜಾಗದಲ್ಲಿ ನೆಲಹಾಸು ಇಡಿ. ಕನ್ನಡದಲ್ಲಿ ‘ಒಂದು ಸಣ್ಣ ದುಂಡು ನೆಲಹಾಸು’. ಬದಲಾಗಿದ್ದು ಒಂದೇ ಪದ. ಫ್ರೆಂಚಿನಲ್ಲಿ ಅದು ‘ಅಂ ಪೆತಿ ತಾಪಿ ರೋಂ’ ಆಗುತ್ತದೆ. ನಾಲ್ಕಕ್ಕೆ ನಾಲ್ಕೂ ಬದಲಾದವು! ‘ತಾಬ್ಲ್’ ಸ್ತ್ರೀಲಿಂಗ, ‘ತಾಪಿ’ ಪುಲ್ಲಿಂಗ. ನಾಮಪದದ ಲಿಂಗ ಬದಲಾದ ಕೂಡಲೇ ಅದರ ಸುತ್ತಲಿನ ಪದಗಳೆಲ್ಲ ವೇಷ ಬದಲಿಸಿದವು. ಕನ್ನಡ ಮನೆಮಾತಿನವರು ಫ್ರೆಂಚ್ ಕಲಿಯುವಾಗ ಮೊದಲು ಎಡವುವುದು ಇಲ್ಲೇ. ಈ ದಾರಿಯಲ್ಲಿ ಕಲಿತು, ಕಲಿಸಿ, ತಿದ್ದಿ ನಮಗೆ ಖಚಿತವಾದ ಕ್ರಮ ಇದು.

ಮೊದಲು ಒಂದು ವಿಷಯ. ಫ್ರೆಂಚ್ ಪದಗಳನ್ನು ಇಲ್ಲಿ ಉಚ್ಚಾರಕ್ಕೆ ಹತ್ತಿರವಾಗಿ ಕನ್ನಡದಲ್ಲೇ ಬರೆದಿದ್ದೇವೆ. ‘ಗ್ರಾಂ’, ‘ರೋಂ’ ಎಂಬಲ್ಲಿ ಕೊನೆಯ ಸೊನ್ನೆಯನ್ನು ‘ಮ್’ ಎಂದು ತುಟಿ ಮುಚ್ಚಿ ಓದಬೇಡಿ. ಸ್ವರವನ್ನೇ ಮೂಗಿನಿಂದ ಬಿಡಬೇಕು. ಸ್ಪೆಲಿಂಗ್ ಹೇಳಲೇಬೇಕಾದ ಕಡೆ ನಮಗೆಲ್ಲ ಗೊತ್ತಿರುವ ಇಂಗ್ಲಿಷ್ ಅಕ್ಷರಗಳ ಹೆಸರನ್ನೇ ಬಳಸಿದ್ದೇವೆ.

ಕನ್ನಡದಲ್ಲಿ ದೊಡ್ಡ ಹುಡುಗ, ದೊಡ್ಡ ಹುಡುಗಿ, ದೊಡ್ಡ ಮನೆ, ದೊಡ್ಡ ಮನೆಗಳು. ‘ದೊಡ್ಡ’ ಅಲುಗುವುದಿಲ್ಲ. ಹಾಗೆಂದು ಈ ಹೊಂದಾಣಿಕೆ ನಮಗೆ ಅಪರಿಚಿತವೇನಲ್ಲ. ಅದೇ ಪದವನ್ನು ವಾಕ್ಯದ ಕೊನೆಗೆ ತನ್ನಿ: ಅವನು ದೊಡ್ಡವನು, ಅವಳು ದೊಡ್ಡವಳು, ಅದು ದೊಡ್ಡದು, ಅವರು ದೊಡ್ಡವರು, ಅವು ದೊಡ್ಡವು. ಇದನ್ನು ಮೂರು ವರ್ಷದ ಮಗುವೂ ತಪ್ಪದೆ ಹೇಳುತ್ತದೆ. ನಾವು ವಾಕ್ಯದ ಕೊನೆಯಲ್ಲಿ ಮಾತ್ರ ಮಾಡುವುದನ್ನು ಫ್ರೆಂಚರು ಎಲ್ಲ ಕಡೆಯೂ ಮಾಡುತ್ತಾರೆ. ‘ದೊಡ್ಡವಳು ಹುಡುಗಿ’, ‘ದೊಡ್ಡವನು ಹುಡುಗ’ ಎಂದ ಹಾಗೆ. ಹೈಸ್ಕೂಲಿನಲ್ಲಿ ಸಂಸ್ಕೃತ ತೆಗೆದುಕೊಂಡವರಿಗೆ ಇದು ಇನ್ನೂ ಸುಲಭ. ವಿಶೇಷ್ಯಕ್ಕೆ ಯಾವ ಲಿಂಗ, ಯಾವ ವಚನವೋ ವಿಶೇಷಣಕ್ಕೂ ಅದೇ ಎಂದು ಅವರು ಆಗಲೇ ಕಲಿತಿರುತ್ತಾರೆ. ವಿಭಕ್ತಿಯ ಕಾಟ ಫ್ರೆಂಚಿನಲ್ಲಿಲ್ಲ. ಹಿಂದಿಯ ‘ಅಚ್ಛಾ ಲಡ್ಕಾ, ಅಚ್ಛೀ ಲಡ್ಕೀ’ಯೂ ಇದೇ ಜಾತಿ.

ಮೊದಲ ಎರಡು ವಾರ ಗುಣವಾಚಕದ ಪಟ್ಟಿಗೆ ಕೈ ಹಾಕಬಾರದು. ನಾಮಪದದ ಲಿಂಗವೇ ಗೊತ್ತಿಲ್ಲದಿದ್ದರೆ ಗುಣವಾಚಕವನ್ನು ಯಾವುದಕ್ಕೆ ಹೊಂದಿಸುವುದು? ನಮ್ಮಲ್ಲಿ ಲಿಂಗ ಅರ್ಥದಿಂದ ಬರುತ್ತದೆ. ಮೇಜು, ಕುರ್ಚಿ, ಮರ ಎಲ್ಲವೂ ನಪುಂಸಕ. ಫ್ರೆಂಚಿನಲ್ಲಿ ನಪುಂಸಕವೇ ಇಲ್ಲ, ಕುರ್ಚಿ ಹೆಣ್ಣು, ಮರ ಗಂಡು. ಇಂಗ್ಲಿಷಿನ ‘ದಿ’ಯಂತೆ ನಾಮಪದದ ಮುಂದೆ ಬರುವ ‘ಲ’ (ಪುಲ್ಲಿಂಗ) ಅಥವಾ ‘ಲಾ’ (ಸ್ತ್ರೀಲಿಂಗ) ಸೇರಿಸಿಯೇ ನಾಮಪದವನ್ನು ಬಾಯಿಪಾಠ ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ಅದು ಸರಿ, ಆದರೆ ಸಾಲದು. ಸ್ವರದಿಂದ ಆರಂಭವಾಗುವ ಪದದ ಮುಂದೆ ‘ಲ’, ‘ಲಾ’ ಎರಡೂ ಸವೆದು ‘ಲ್’ ಅಷ್ಟೇ ಉಳಿಯುತ್ತದೆ. ‘ಲಾರ್ಬ್ರ್’ (ಮರ), ‘ಲೆಕೋಲ್’ (ಶಾಲೆ): ಯಾವುದು ಗಂಡು, ಯಾವುದು ಹೆಣ್ಣು? ಕಿವಿಗೆ ಗೊತ್ತಾಗುವುದಿಲ್ಲ.

ಅದಕ್ಕೆ ನಾವು ಕಂಡುಕೊಂಡ ಉಪಾಯ, ಪ್ರತಿ ನಾಮಪದದ ಹಿಂದೆ ‘ಹಸಿರು’ ಎಂಬ ಗುಣವಾಚಕವನ್ನು ಕಟ್ಟಿ ಕಲಿಯುವುದು. ಪುಲ್ಲಿಂಗದಲ್ಲಿ ಅದು ‘ವೆರ್’, ಸ್ತ್ರೀಲಿಂಗದಲ್ಲಿ ‘ವೆರ್ತ್’. ಲಾರ್ಬ್ರ್ ವೆರ್, ಲೆಕೋಲ್ ವೆರ್ತ್, ಲಾವ್ಯೋಂ ವೆರ್ (ವಿಮಾನ), ಲೆಗ್ಲೀಜ್ ವೆರ್ತ್ (ಚರ್ಚು). ಹಸಿರು ಚರ್ಚು ಎಲ್ಲಾದರೂ ಇದೆಯೇ ಎಂಬ ಪ್ರಶ್ನೆ ಬೇಡ. ಕೊನೆಯ ‘ತ್’ ಕಿವಿಯಲ್ಲಿ ಕೂತರೆ ಕೆಲಸ ಆಯಿತು. ‘ಸುಂದರ’ ಎಂಬ ಪದವನ್ನು ಈ ಕೆಲಸಕ್ಕೆ ಬಳಸಬೇಡಿ. ‘ಬೆಲ್ ಆರ್ಬ್ರ್’, ‘ಬೆಲ್ ಎಕೋಲ್’ ಎರಡರಲ್ಲೂ ‘ಬೆಲ್’ ಒಂದೇ ರೀತಿ ಕೇಳುತ್ತದೆ. ‘ಕೆಂಪು’ ಕೂಡ ಬೇಡ, ‘ರೂಜ್’ ಎರಡೂ ಲಿಂಗಕ್ಕೆ ಒಂದೇ. ದಿನಕ್ಕೆ ಎಂಟೋ ಹತ್ತೋ ನಾಮಪದ ಸಾಕು, ಆದರೆ ಗಟ್ಟಿಯಾಗಿ ಹೇಳಿಯೇ ಕಲಿಯಬೇಕು. ಕಣ್ಣಿನಿಂದ ಕಲಿತ ಲಿಂಗ ಮಾತಿನ ಹೊತ್ತಿಗೆ ನೆರವಿಗೆ ಬರುವುದಿಲ್ಲ.

ಪದಾಂತ್ಯಗಳೂ ಸ್ವಲ್ಪ ಸಹಾಯ ಮಾಡುತ್ತವೆ. ‘ಸ್ಯೋಂ’ ಎಂದು ಮುಗಿಯುವ ನಾಸ್ಯೋಂ, ಸ್ತಾಸ್ಯೋಂ ಬಗೆಯವು ಬಹುತೇಕ ಸ್ತ್ರೀಲಿಂಗ. ‘ಆಜ್’ ಎಂದು ಮುಗಿಯುವ ವ್ವಾಯಾಜ್ (ಪ್ರಯಾಣ), ಫ್ರೊಮಾಜ್ (ಚೀಸ್) ಪುಲ್ಲಿಂಗ. ಆದರೆ ಪ್ಲಾಜ್ (ಕಡಲತೀರ), ಪಾಜ್ (ಪುಟ), ಇಮಾಜ್ (ಚಿತ್ರ) ಸ್ತ್ರೀಲಿಂಗ. ‘ಪ್ರೊಬ್ಲೆಮ್’ ಸ್ಪೆಲಿಂಗಿನ ಕೊನೆಗೆ ಇ ಇದ್ದರೂ ಪುಲ್ಲಿಂಗ. ಇಂಥವನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆದಿಡುವುದು ಒಳ್ಳೆಯದು.

ಈಗ ಗುಣವಾಚಕಕ್ಕೆ ಬರೋಣ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಪುಲ್ಲಿಂಗ ರೂಪ ಕೊಟ್ಟು, ‘ಸ್ತ್ರೀಲಿಂಗಕ್ಕೆ ಕೊನೆಯಲ್ಲಿ ಇ ಸೇರಿಸಿ’ ಎನ್ನುತ್ತವೆ. ಸ್ಪೆಲಿಂಗಿನ ಮಟ್ಟಿಗೆ ಅದು ಬಹುಪಾಲು ನಿಜ. ಬಾಯಿಮಾತಿಗೆ ಈ ಸೂತ್ರ ಉಪಯೋಗಕ್ಕೆ ಬರುವುದಿಲ್ಲ. ಕೇಳಿ ನೋಡಿ:

ಗ್ರಾಂ, ಗ್ರಾಂದ್ (ದೊಡ್ಡ). ಬ್ಲಾಂ, ಬ್ಲಾಂಶ್ (ಬಿಳಿ). ಲೋಂ, ಲೋಂಗ್ (ಉದ್ದ). ಗ್ರೋ, ಗ್ರೋಸ್ (ದಪ್ಪ). ಶೋ, ಶೋದ್ (ಬಿಸಿ). ಫ್ರೆ, ಫ್ರೆಶ್ (ತಾಜಾ). ದೂ, ದೂಸ್ (ಮೃದು). ಫ್ರಾಂಸೆ, ಫ್ರಾಂಸೆಜ್.

ಪುಲ್ಲಿಂಗದಿಂದ ಹೊರಟರೆ ‘ಗ್ರೋ’ಗೆ ಸ್ ಬರಬೇಕೋ ದ್ ಬರಬೇಕೋ, ‘ಬ್ಲಾಂ’ಗೆ ಶ್ ಯಾಕೆ ಬಂತು ಎಂದು ಪ್ರತಿಯೊಂದನ್ನೂ ಬೇರೆಬೇರೆ ಉರುಹೊಡೆಯಬೇಕು. ಸ್ತ್ರೀಲಿಂಗದಿಂದ ಹೊರಟರೆ ಒಂದೇ ಸೂತ್ರ: ಕೊನೆಗೆ ಕೇಳುವ ವ್ಯಂಜನವನ್ನು ಬಿಟ್ಟುಬಿಡಿ, ಪುಲ್ಲಿಂಗ ಸಿಗುತ್ತದೆ. ಗ್ರಾಂದ್‌ನಲ್ಲಿ ದ್ ಬಿಡಿ, ಗ್ರಾಂ. ಬ್ಲಾಂಶ್‌ನಲ್ಲಿ ಶ್ ಬಿಡಿ, ಬ್ಲಾಂ. ‘ನ್’ ಎಂದು ಮುಗಿಯುವಲ್ಲಿ ಆ ನ್ ಹೋಗುವಾಗ ಸ್ವರವನ್ನು ಮೂಗಿಗೆ ಏರಿಸಿ ಹೋಗುತ್ತದೆ: ಬೊನ್ (ಒಳ್ಳೆಯ) ಹೋಗಿ ಬೋಂ, ಎಂದ್ಯೆನ್ (ಭಾರತೀಯ) ಹೋಗಿ ಎಂದ್ಯೆಂ. ಆದ್ದರಿಂದ ನೋಟುಪುಸ್ತಕದಲ್ಲಿ ಸ್ತ್ರೀಲಿಂಗ ರೂಪವನ್ನೇ ಮೊದಲು ಬರೆಯಿರಿ. ನಿಘಂಟಿನ ಕ್ರಮ ಇದಕ್ಕೆ ಉಲ್ಟಾ, ಆದರೆ ನಿಘಂಟು ಬರೆದದ್ದು ಹುಡುಕುವವರಿಗಾಗಿ, ಮಾತು ಕಲಿಯುವವರಿಗಾಗಿ ಅಲ್ಲ.

ಈ ಸೂತ್ರಕ್ಕೆ ಒಗ್ಗದವು ಕಡಿಮೆ. ‘ಆಕ್ತೀವ್’ (ಚುರುಕು) ಎಂಬಲ್ಲಿ ವ್ ಹೋಗುವುದಿಲ್ಲ, ಫ್ ಆಗುತ್ತದೆ: ‘ಆಕ್ತೀಫ್’. ‘ಸೆಶ್’ (ಒಣಗಿದ) ಎಂಬುದು ‘ಸೆಕ್’ ಆಗುತ್ತದೆ. ಇನ್ನು ಕೆಲವು ಕಿವಿಗೆ ಬದಲಾಗುವುದೇ ಇಲ್ಲ, ಬರವಣಿಗೆಯಲ್ಲಿ ಮಾತ್ರ ಬದಲಾಗುತ್ತವೆ: ಜೊಲಿ (ಚೆಂದದ), ನ್ವಾರ್ (ಕಪ್ಪು), ಶೆರ್ (ದುಬಾರಿ), ನಾಸ್ಯೊನಾಲ್. ಇವೇ ಅಪಾಯಕಾರಿ. ಮಾತಿನಲ್ಲಿ ತಪ್ಪು ಬಯಲಾಗದ ಕಾರಣ ತಿದ್ದುವವರೇ ಇರುವುದಿಲ್ಲ. ಉಕ್ತಲೇಖನದಲ್ಲಿ ಸಾಲುಸಾಲಾಗಿ ಇ ಬಿಟ್ಟುಹೋಗುತ್ತದೆ. ಪುಲ್ಲಿಂಗದಲ್ಲೇ ಇ ಇರುವ ರೂಜ್ (ಕೆಂಪು), ಜೋನ್ (ಹಳದಿ), ಫಾಸಿಲ್ (ಸುಲಭ) ಮೊದಲಾದವಕ್ಕೆ ಮತ್ತೊಂದು ಇ ಸೇರಿಸುವ ತಪ್ಪೂ ಸಾಮಾನ್ಯ. ಅವಕ್ಕೆ ಏನೂ ಮಾಡಬೇಕಿಲ್ಲ.

ಬಹುವಚನ ಕಿವಿಯ ಮಟ್ಟಿಗೆ ಹಗುರ. ಎಸ್ ಬರೆಯುತ್ತೇವೆ, ಓದುವುದಿಲ್ಲ. ಎಸ್ ಅಥವಾ ಎಕ್ಸ್‌ನಿಂದ ಮುಗಿಯುವ ಪುಲ್ಲಿಂಗಕ್ಕೆ ಇನ್ನೊಂದು ಎಸ್ ಬೇಡ. ‘ಆಲ್’ ಎಂದು ಮುಗಿಯುವವು ಪುಲ್ಲಿಂಗ ಬಹುವಚನದಲ್ಲಿ ‘ಓ’ ಆಗುತ್ತವೆ: ನಾಸ್ಯೊನಾಲ್, ನಾಸ್ಯೊನೋ. ಸ್ತ್ರೀಲಿಂಗ ಬಹುವಚನಕ್ಕೆ ಆ ಬದಲಾವಣೆ ಇಲ್ಲ. ಬಾನಾಲ್, ಫಾತಾಲ್, ನಾವಾಲ್, ನಾತಾಲ್ ಇವಕ್ಕೆ ಬರೀ ಎಸ್ ಸಾಕು. ಅಷ್ಟೇ.

ಎರಡನೇ ತಿಂಗಳಿನಲ್ಲಿ ಎದುರಾಗುವುದು ಸ್ಥಾನದ ಪ್ರಶ್ನೆ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಗುಣವಾಚಕ ನಾಮಪದದ ಮುಂದೆಯೇ ಬರುವುದರಿಂದ ನಮ್ಮ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಫ್ರೆಂಚಿನಲ್ಲಿ ಹೆಚ್ಚಿನವು ನಾಮಪದದ ಹಿಂದೆ: ಬಣ್ಣ, ಆಕಾರ, ದೇಶ, ಧರ್ಮ, ಕ್ರಿಯಾಪದದಿಂದ ಹುಟ್ಟಿದವು ಎಲ್ಲವೂ ಹಿಂದೆಯೇ. ಮುಂದೆ ಬರುವವು ಚಿಕ್ಕ, ದಿನಬಳಕೆಯ ಕೆಲವು ಪದಗಳು: ಬೋ (ಸುಂದರ), ಜೊಲಿ, ಬೋಂ, ಮೊವೆ (ಕೆಟ್ಟ), ಗ್ರಾಂ, ಪೆತಿ, ಗ್ರೋ, ಲೋಂ, ಜನ್ (ಎಳೆಯ), ವ್ಯೋ (ಹಳೆಯ), ನೂವೋ (ಹೊಸ). ಇಷ್ಟನ್ನು ಮನೆಯ ನಂಟರ ಹೆಸರಿನಂತೆ ನೆನಪಿಟ್ಟುಕೊಂಡು, ಉಳಿದದ್ದನ್ನೆಲ್ಲ ಹಿಂದೆ ಹಾಕುತ್ತ ಹೋದರೆ ತಪ್ಪು ಬಹಳ ಕಡಿಮೆಯಾಗುತ್ತದೆ.

ಹಿಂದೆ ಎರಡು ಗುಣವಾಚಕ ಬಂದರೆ ಕನ್ನಡದ ಕ್ರಮವನ್ನು ಕನ್ನಡಿಯಲ್ಲಿ ನೋಡಿದ ಹಾಗೆ ಬರೆಯಿರಿ. ‘ಸಾಂಪ್ರದಾಯಿಕ ಫ್ರೆಂಚ್ ಅಡುಗೆ’ ಎಂಬುದು ‘ಅಡುಗೆ ಫ್ರೆಂಚ್ ಸಾಂಪ್ರದಾಯಿಕ’ ಆಗುತ್ತದೆ. ಎರಡು ಭಾಷೆಯಲ್ಲೂ ‘ಫ್ರೆಂಚ್’ ಎಂಬುದೇ ಅಡುಗೆಗೆ ಅಂಟಿಕೊಂಡಿದೆ. ದಿಕ್ಕು ಮಾತ್ರ ಬೇರೆ.

ಕೆಲವು ಗುಣವಾಚಕಗಳ ಅರ್ಥವೇ ಸ್ಥಾನದಿಂದ ಬದಲಾಗುತ್ತದೆ. ಫ್ರೆಂಚಿನಲ್ಲಿ ನಮಗೆ ಬಹಳ ಇಷ್ಟವಾದ ಭಾಗ ಇದು. ‘ಅಂ ಗ್ರಾಂ ತೊಮ್’ ಎಂದರೆ ದೊಡ್ಡ ಮನುಷ್ಯ, ಹೆಸರುವಾಸಿ. ‘ಅಂ ನೊಮ್ ಗ್ರಾಂ’ ಎಂದರೆ ಎತ್ತರದ ಆಳು. ‘ಪೋವ್ರ್’ ಮುಂದೆ ಬಂದರೆ ‘ಪಾಪ, ಬಡಪಾಯಿ’ ಎಂಬ ಕನಿಕರ. ಹಿಂದೆ ಬಂದರೆ ಜೇಬಿನಲ್ಲಿ ನಿಜವಾಗಿ ಕಾಸಿಲ್ಲದವನು. ‘ಆಂಸ್ಯೆಂ’ ಎಂಬುದು ಹೋಟೆಲಿನ ಮುಂದೆ ಬಂದರೆ ಮೊದಲು ಹೋಟೆಲಾಗಿದ್ದು ಈಗ ಅಲ್ಲದ ಕಟ್ಟಡ. ಹಿಂದೆ ಬಂದರೆ ಹಳೇ ಕಾಲದ ಹೋಟೆಲು, ಇವತ್ತೂ ರೂಮು ಸಿಗಬಹುದು. ‘ಪ್ರೋಪ್ರ್’ ಕೋಣೆಯ ಮುಂದೆ ಬಂದರೆ ನನ್ನದೇ ಸ್ವಂತ ಕೋಣೆ, ಹಿಂದೆ ಬಂದರೆ ಗುಡಿಸಿ ಒರೆಸಿದ ಕೋಣೆ. ಮನೆ ಬಾಡಿಗೆಗೆ ಹುಡುಕುವಾಗ ಇವೆರಡು ಅದಲುಬದಲಾದರೆ ಮಾತೇ ಬೇರೆಯಾಗುತ್ತದೆ.

ಮೇಲೆ ‘ಗ್ರಾಂ ತೊಮ್’ ಎಂದದ್ದನ್ನು ಗಮನಿಸಿ. ‘ಗ್ರಾಂ’ನ ಸ್ಪೆಲಿಂಗಿನ ಕೊನೆಗೆ ಇರುವ ಡಿ, ಮುಂದಿನ ಪದ ಸ್ವರದಿಂದ ಆರಂಭವಾದರೆ ಎಚ್ಚೆತ್ತು ‘ತ್’ ಎಂದು ಕೇಳುತ್ತದೆ. ‘ಗ್ರೋ’ದ ಎಸ್ ‘ಜ್’ ಎಂದು ಕೇಳುತ್ತದೆ. ಆದರೆ ಈ ಎರಡನ್ನು ಬಿಟ್ಟರೆ, ನಾಮಪದದ ಮುಂದೆ ಬರುವ ಪುಲ್ಲಿಂಗ ಪದಗಳಲ್ಲಿ ಬಹಳಷ್ಟು, ಸ್ವರ ಎದುರಾದಾಗ ತಮ್ಮ ಸ್ತ್ರೀಲಿಂಗದ ದನಿಯನ್ನೇ ತಾಳುತ್ತವೆ. ಪೆತಿ ಎಂಬುದು ಪೆತಿತ್, ಬೋಂ ಎಂಬುದು ಬೊನ್, ಬೋ ಎಂಬುದು ಬೆಲ್, ನೂವೋ ಎಂಬುದು ನೂವೆಲ್, ವ್ಯೋ ಎಂಬುದು ವ್ಯೆಯ್. ಬೆಲ್, ನೂವೆಲ್, ವ್ಯೆಯ್ ಇವನ್ನು ‘ವಿಶೇಷ ರೂಪಗಳು’ ಎಂದು ಬೇರೆ ಪೆಟ್ಟಿಗೆಯಲ್ಲಿ ಕಲಿಸುತ್ತಾರೆ. ಸ್ತ್ರೀಲಿಂಗ ಮೊದಲು ಕಲಿತವರಿಗೆ ಇವು ಹೊಸವೇ ಅಲ್ಲ. ದನಿ ಸ್ತ್ರೀಲಿಂಗದ್ದೇ, ಸ್ಪೆಲಿಂಗಿನಲ್ಲಿ ಮಾತ್ರ ಕೊನೆಯ ಎಲ್-ಇ ಬಿದ್ದುಹೋಗಿ ಒಂದೇ ಎಲ್ ಉಳಿಯುತ್ತದೆ. ಎಚ್‌ನಿಂದ ಆರಂಭವಾಗುವ ಪದ ಬಂದಾಗ ಎಚ್ಚರ ಬೇಕು. ‘ಒಮ್’ (ಮನುಷ್ಯ), ‘ಓತೆಲ್’ ಇವುಗಳ ಎಚ್ ಲೆಕ್ಕಕ್ಕಿಲ್ಲ, ಆದ್ದರಿಂದ ಬೆಲ್ ಒಮ್, ಬೆಲ್ ಓತೆಲ್. ‘ಎರೋ’ (ವೀರ) ಎಂಬಲ್ಲಿ ಎಚ್ ಕೇಳಿಸದಿದ್ದರೂ ಗೋಡೆಯಂತೆ ತಡೆಯುತ್ತದೆ: ಬೋ ಎರೋ, ವ್ಯೋ ಎರೋ.

ಇನ್ನು ವಾಕ್ಯದ ಕೊನೆಯ ಗುಣವಾಚಕ. ನಮಗೆ ‘ದೊಡ್ಡವಳು’ ಅಭ್ಯಾಸವಿರುವುದರಿಂದ ಇಲ್ಲಿ ತಪ್ಪಾಗಬಾರದು. ಆದರೂ ಎರಡು ಕಡೆ ಆಗುತ್ತದೆ, ಎರಡಕ್ಕೂ ಕಾರಣ ಕನ್ನಡದಲ್ಲೇ ಇದೆ.

ಒಂದು, ‘ನಾನು’. ‘ನನಗೆ ಸಂತೋಷವಾಗಿದೆ’ ಎಂದು ಗಂಡಸು ಹೇಳಿದರೂ ಹೆಂಗಸು ಹೇಳಿದರೂ ಕನ್ನಡದಲ್ಲಿ ಒಂದೇ. ಫ್ರೆಂಚಿನಲ್ಲಿ ಗಂಡಸು ‘ಜ ಸುಯಿ ಕೋಂತಾಂ’ ಎಂದರೆ ಹೆಂಗಸು ‘ಜ ಸುಯಿ ಕೋಂತಾಂತ್’ ಎನ್ನಬೇಕು. ಪುಸ್ತಕದಲ್ಲಿ ಮೊದಲು ಅಚ್ಚಾಗಿರುವ ಪುಲ್ಲಿಂಗ ರೂಪವನ್ನೇ ಹೆಣ್ಣುಮಕ್ಕಳೂ ಬಾಯಿಪಾಠ ಮಾಡಿ, ತಿಂಗಳುಗಟ್ಟಲೆ ತಮ್ಮ ಬಗ್ಗೆ ಗಂಡಸಿನ ಹಾಗೆ ಮಾತಾಡುತ್ತಾರೆ. ಬೇರೂರಿದ ಮೇಲೆ ಕೀಳುವುದು ಕಷ್ಟ. ಮೊದಲ ದಿನದ ಸ್ವಪರಿಚಯದಲ್ಲೇ ‘ಜ ಸುಯಿ ಎಂದ್ಯೆನ್’ ಎಂದು ಆ ‘ನ್’ ಅನ್ನು ಒತ್ತಿ ಹೇಳಿಸಬೇಕು.

ಇನ್ನೊಂದು ಸೂಕ್ಷ್ಮವಾದದ್ದು, ‘ನೀವು’. ಗೌರವಕ್ಕೆ ಒಬ್ಬರನ್ನೇ ಬಹುವಚನದಲ್ಲಿ ಕರೆಯುವುದು ಎರಡೂ ಭಾಷೆಗೆ ಸಮಾನ. ಅಜ್ಜಿಗೆ ‘ನೀವು ಒಳ್ಳೆಯವರು’ ಎನ್ನುವಾಗ ಕನ್ನಡ ಗುಣವಾಚಕವೂ ಬಹುವಚನಕ್ಕೆ ಹೋಗುತ್ತದೆ. ಫ್ರೆಂಚ್ ಹಾಗಲ್ಲ. ‘ವೂ’ ಎಂಬ ಸರ್ವನಾಮ ಬಹುವಚನ, ಕ್ರಿಯಾಪದ ಬಹುವಚನ, ಆದರೆ ಗುಣವಾಚಕ ಎದುರಿಗಿರುವ ಜನರನ್ನು ಎಣಿಸುತ್ತದೆ. ಒಬ್ಬ ಮಹಿಳೆಗೆ ‘ವೂಜೆತ್ ಜಾಂತಿಯ್’ (ನೀವು ಒಳ್ಳೆಯವರು) ಎಂದು ಬರೆಯುವಾಗ ಕೊನೆಗೆ ಎಸ್ ಬರುವಂತಿಲ್ಲ. ಕನ್ನಡದವರ ಪತ್ರಗಳಲ್ಲಿ ಈ ಎಸ್ ಮತ್ತೆಮತ್ತೆ ಕಾಣಿಸಿಕೊಳ್ಳುತ್ತದೆ. ಅದು ಅಜಾಗರೂಕತೆಯಲ್ಲ, ನಮ್ಮ ಮರ್ಯಾದೆಯ ಮಾತಿನಿಂದ ಬಂದದ್ದು. ಕಾರಣ ತಿಳಿಸಿ ತಿದ್ದಿದರೆ ಒಂದೇ ಸಲಕ್ಕೆ ಹೋಗುತ್ತದೆ.

ಫ್ರೆಂಚ್ ವ್ಯಾಕರಣ ‘ಅವನ, ಅವಳ’ ಎಂಬಂಥ ಪದಗಳನ್ನೂ ಗುಣವಾಚಕದ ಸಾಲಿನಲ್ಲೇ ಕೂರಿಸುತ್ತಿತ್ತು, ಅದಕ್ಕೆ ಒಳ್ಳೆಯ ಕಾರಣವಿದೆ. ‘ಸೋಂ’, ‘ಸಾ’ ಹೊಂದಿಕೊಳ್ಳುವುದು ಒಡೆಯನಿಗಲ್ಲ, ವಸ್ತುವಿಗೆ. ‘ಸಾ ಮೆರ್’ ಎಂದರೆ ಅವನ ತಾಯಿಯೂ ಹೌದು, ಅವಳ ತಾಯಿಯೂ ಹೌದು. ತಾಯಿ ಸ್ತ್ರೀಲಿಂಗ, ಅದಕ್ಕೆ ‘ಸಾ’. ಹುಡುಗನ ತಾಯಿ ಎಂದುಕೊಂಡು ‘ಸೋಂ ಮೆರ್’ ಎಂದರೆ ತಪ್ಪು.

ಬಣ್ಣಗಳಲ್ಲಿ ಒಂದು ಗುಂಪು ಯಾರಿಗೂ ಬಗ್ಗುವುದಿಲ್ಲ. ಕಿತ್ತಳೆ ಹಣ್ಣಿನಿಂದ ಬಂದ ‘ಓರಾಂಜ್’, ಚೆಸ್ಟ್‌ನಟ್ ಕಾಯಿಯಿಂದ ಬಂದ ‘ಮಾರೋಂ’ (ಕಂದು) ಮೂಲದಲ್ಲಿ ನಾಮಪದಗಳು. ಲಿಂಗ, ವಚನ ಯಾವುದಕ್ಕೂ ಬದಲಾಗವು. ಗುಲಾಬಿಯಿಂದ ಬಂದ ‘ರೋಜ್’ ಮಾತ್ರ ಎಂದೋ ನಿಜವಾದ ಗುಣವಾಚಕವಾಗಿಬಿಟ್ಟು ಬಹುವಚನದಲ್ಲಿ ಎಸ್ ತೆಗೆದುಕೊಳ್ಳುತ್ತದೆ. ‘ತಿಳಿ ನೀಲಿ’, ‘ಕಡು ಹಸಿರು’ ಎಂದು ಎರಡು ಪದ ಸೇರಿದರೆ ಎರಡೂ ಹಾಗೇ ನಿಲ್ಲುತ್ತವೆ. ನೀಲಿ ಅಂಗಿಗಳಿಗೆ ಎಸ್ ಉಂಟು, ತಿಳಿ ನೀಲಿ ಅಂಗಿಗಳಿಗೆ ಇಲ್ಲ.

ಅಜ್ಜಿಗೆ ‘ಗ್ರಾಂ-ಮೆರ್’ ಎನ್ನುತ್ತಾರೆ, ‘ಗ್ರಾಂದ್-ಮೆರ್’ ಅಲ್ಲ. ತಾಯಿ ಸ್ತ್ರೀಲಿಂಗವಲ್ಲವೇ ಎಂದು ಪ್ರತಿ ತರಗತಿಯಲ್ಲೂ ಯಾರಾದರೂ ಕೇಳುತ್ತಾರೆ, ಕೇಳಲೇಬೇಕಾದ ಪ್ರಶ್ನೆ. ಲ್ಯಾಟಿನ್ನಿನಲ್ಲಿ ಈ ಗುಣವಾಚಕಕ್ಕೆ ಗಂಡು, ಹೆಣ್ಣು ಎರಡಕ್ಕೂ ಒಂದೇ ರೂಪವಿತ್ತು. ಹಳೆಯ ಫ್ರೆಂಚಿನಲ್ಲೂ ಹಾಗೇ ಉಳಿದಿತ್ತು. ಆಮೇಲೆ ಉಳಿದ ಗುಣವಾಚಕಗಳನ್ನು ನೋಡಿ ಅದೂ ಇ ಸೇರಿಸಿಕೊಂಡಿತು, ಆದರೆ ಅಜ್ಜಿಯಂಥ ಮನೆಮಾತಿನಲ್ಲಿ ಹಳೆಯ ರೂಪವೇ ಗಟ್ಟಿಯಾಗಿ ಕೂತಿತು.

ಕೊನೆಯ ಹಂತ ತಿದ್ದುವಿಕೆ. ಫ್ರೆಂಚ್ ಎಷ್ಟು ಬರುತ್ತದೆ ಎಂದು ಅಳೆಯುವ ಡೆಲ್ಫ್ ಪರೀಕ್ಷೆಯಲ್ಲಿ ನಾಲ್ಕು ಭಾಗ, ತಲಾ 25 ಅಂಕ. ಒಟ್ಟು 50 ಬಂದರೆ ತೇರ್ಗಡೆ, ಆದರೆ ಯಾವ ಭಾಗದಲ್ಲೂ 5ಕ್ಕಿಂತ ಕಡಿಮೆ ಬರಬಾರದು. ಬಿ1 ಎಂಬ ಮಧ್ಯಮ ಮಟ್ಟದ ಬರವಣಿಗೆಯ ಭಾಗದಲ್ಲಿ 45 ನಿಮಿಷದೊಳಗೆ ಕನಿಷ್ಠ 160 ಪದ ಬರೆಯಬೇಕು. ಅದರಲ್ಲಿ ಕೊನೆಯ ಐದು ನಿಮಿಷವನ್ನು ಗುಣವಾಚಕಗಳಿಗೇ ಮೀಸಲಿಡಿ. ಅರ್ಥ ಓದಬೇಡಿ. ಪ್ರತಿ ಗುಣವಾಚಕದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಅದು ಸೇರಿದ ನಾಮಪದಕ್ಕೆ ಬಾಣ ಹಾಕಿ. ಬಾಣ ಉದ್ದವಾದಷ್ಟೂ ತಪ್ಪಿರುವ ಸಂಭವ ಹೆಚ್ಚು. ನಡುವೆ ನಾಲ್ಕಾರು ಪದ ಬಂದರೆ ಲಿಂಗ ಮರೆತೇಹೋಗಿರುತ್ತದೆ.

ಕಲಿಯುವವರು ಬರೆಯುವಂಥ ಒಂದು ವಾಕ್ಯ ನೋಡಿ: ‘ಅವಳು ಇರುವುದು ಹಳೆಯ ಅಪಾರ್ಟ್‌ಮೆಂಟಿನಲ್ಲಿ, ಸುಂದರವಾದ ಬಿಳಿ ಕಿಟಕಿಗಳಿವೆ, ಅಡುಗೆಮನೆ ತೀರಾ ಸಣ್ಣದು.’ ಮೊದಲ ಕರಡಿನಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ: ವ್ಯೋ ಅಪಾರ್ತ್‌ಮಾಂ, ದೆ ಬೆಲ್ ಫೆನೆತ್ರ್ ಬ್ಲಾಂ, ಕ್ವಿಜೀನ್ ತ್ರೋ ಪೆತಿ.

ಮೊದಲ ಬಾಣ: ಅಪಾರ್ತ್‌ಮಾಂ ಪುಲ್ಲಿಂಗ, ಆದರೆ ಸ್ವರದಿಂದ ಆರಂಭ. ‘ವ್ಯೋ’ ಹೋಗಿ ‘ವ್ಯೆಯ್’. ಎರಡನೆಯದು: ಬಹುವಚನದಲ್ಲಿ ಗುಣವಾಚಕ ನಾಮಪದದ ಮುಂದೆ ಬಂದರೆ, ‘ಕೆಲವು’ ಎಂಬರ್ಥದ ‘ದೆ’ ಎಂಬುದು ‘ದ’ ಆಗಬೇಕು, ಆದ್ದರಿಂದ ‘ದ ಬೆಲ್ ಫೆನೆತ್ರ್’. ಆಡುಮಾತಿನಲ್ಲಿ ಫ್ರೆಂಚರೇ ‘ದೆ’ ಎನ್ನುವುದುಂಟು, ಬರವಣಿಗೆಯಲ್ಲಿ ‘ದ’ ಬರೆಯಿರಿ. ಹಸಿ ಬಟಾಣಿಗೆ ಹೇಳುವ ‘ಪೆತಿ ಪ್ವಾ’ದಂತೆ ಎರಡೂ ಸೇರಿ ಒಂದೇ ಪದವಾಗಿದ್ದರೆ ‘ದೆ’ಯೇ ಇರುತ್ತದೆ. ಮೂರನೆಯದು: ಕಿಟಕಿ ಸ್ತ್ರೀಲಿಂಗ, ‘ಬ್ಲಾಂ’ ಅಲ್ಲ ‘ಬ್ಲಾಂಶ್’. ನಾಲ್ಕನೆಯದು: ಕ್ವಿಜೀನ್ ಸ್ತ್ರೀಲಿಂಗ, ನಡುವೆ ‘ತ್ರೋ’ ಬಂದದ್ದಕ್ಕೆ ಮರೆತುಹೋಗಿದೆ, ‘ಪೆತಿತ್’ ಆಗಬೇಕು.

ಇಷ್ಟಾದ ಮೇಲೆ ತುಟಿ ಅಲುಗಿಸುತ್ತ ಇನ್ನೊಮ್ಮೆ ಓದಿ. ‘ಬ್ಲಾಂಶ್’ ಎಂದಾಗ ಶ್ ಕೇಳಿದರೆ ಇ ಬರೆದಾಗಿದೆ ಎಂದು ಕಿವಿಯೇ ಹೇಳುತ್ತದೆ. ಅದರ ಹಿಂದಿನ ಎಸ್ ಇದೆಯೋ ಇಲ್ಲವೋ ಎಂಬುದನ್ನು ಮಾತ್ರ ಪೆನ್ಸಿಲಿನ ತುದಿ ಇಟ್ಟು ನೋಡಬೇಕು.